ಯಂತ್ರವನ್ನು ‘ಅವಳು’ ಅನ್ನುವ ಮುಂಚೆ

ಚಿ. ಮೇಘಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಮೂರು ನಿಮಿಷದ ಚಿತ್ರದ ಕಥೆಯನ್ನೂ ಸ್ಟೋರಿಬೋರ್ಡನ್ನೂ ನಿಧಾನವಾಗಿ ನೋಡಿದೆ. ಅಜ್ಜಿಯನ್ನು ಕಳೆದುಕೊಂಡ ಹುಡುಗಿ, ಅವಳನ್ನು ನೋಡಿಕೊಳ್ಳಲು ಮನೆಗೆ ಬಂದ ಹೆಣ್ಣುರೂಪದ ರೋಬೋಟ್, ಕೊನೆಯ ಶಾಟಿನಲ್ಲಿ ರೋಬೋಟಿನ ಕಣ್ಣಿಂದ ಒಂದು ಹನಿ. ಜಪಾನಿನ ಅನಿಮೆಗಳನ್ನು, ಅಂದರೆ ಅವರ ಆನಿಮೇಷನ್ ಚಿತ್ರಗಳನ್ನು, ಮನಸ್ಸಿಟ್ಟು ನೋಡಿದ್ದೀ ಅನ್ನುವುದು ಗೊತ್ತಾಗುತ್ತದೆ. ಇನ್ನೂ ಚಿತ್ರ ಬಿಡಿಸಲು ಕೂತಿಲ್ಲವಲ್ಲ, ಅದಕ್ಕೇ ಈಗಲೇ ಹೇಳುತ್ತೇನೆ. ಆ ಹನಿಯನ್ನು ತೆಗೆದುಬಿಡು.

ಆ ಪರಂಪರೆಯ ಒಳ್ಳೆಯ ಕಥೆಗಳಲ್ಲಿ ಯಂತ್ರಕ್ಕೆ ಆಗದ ಒಂದು ಕೆಲಸ ಇದ್ದೇ ಇರುತ್ತದೆ. ಪಕ್ಕದಲ್ಲಿರುವ ಮನುಷ್ಯ ಅದನ್ನು ಒಪ್ಪಿಕೊಳ್ಳುತ್ತಾನೋ ಇಲ್ಲವೋ ಅನ್ನುವುದರ ಮೇಲೆ ಇಡೀ ಕಥೆ ನಿಂತಿರುತ್ತದೆ. 1963ರ ಜನವರಿಯಲ್ಲಿ ಟಿ.ವಿ.ಗೆ ಬಂದ, ಒಸಾಮು ತೆಜುಕಾರ ‘ಟೆಟ್ಸುವಾನ್ ಆಟಮ್’ ನೆನಪಿಸಿಕೋ. ಹೊರಗೆಲ್ಲ ಅದನ್ನು ಆಸ್ಟ್ರೋ ಬಾಯ್ ಅನ್ನುತ್ತಾರೆ. ಡಾಕ್ಟರ್ ತೆನ್ಮಾ ಕಾರು ಅಪಘಾತದಲ್ಲಿ ಮಗನನ್ನು ಕಳೆದುಕೊಂಡು, ಅದೇ ಮುಖದ ಯಂತ್ರ ಮಾಡುತ್ತಾನೆ. ಆದರೆ ಈ ಮಗ ಒಂದು ಇಂಚೂ ಬೆಳೆಯುವುದಿಲ್ಲ. ಅದು ಸಹಿಸಲಾಗದೆ ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಅದೇ ಬೆಳೆಯದ ಹುಡುಗನನ್ನು ಪ್ರೊಫೆಸರ್ ಒಚನೊಮಿಜು ಕರೆತಂದು ಮನೆಯ ಮಗುವಿನಂತೆ ಸಾಕುತ್ತಾರೆ. ಬೆಳೆಯದಿರುವುದು ಒಂದೇ ಸಂಗತಿ, ಅದನ್ನು ಕಂಡ ಕಣ್ಣು ಎರಡು. ನಿನ್ನ ರೋಬೋಟಿಗೆ ಏನು ಆಗುವುದಿಲ್ಲ? ಒಂದೇ ಒಂದನ್ನು ಆರಿಸಿ, ಒಂದು ಸಾಲಿನಲ್ಲಿ ಬರೆದು, ಮೇಜಿನ ಮುಂದೆ ಅಂಟಿಸಿಕೋ. ಎರಡನೆಯದು ಹೊಳೆದರೆ ಇನ್ನೊಂದು ಚಿತ್ರಕ್ಕೆ ಇಟ್ಟುಕೋ.

ಆ ಮಿತಿ ಕಣ್ಣಿಗೆ ಕಾಣಬೇಕು, ಸಾಧ್ಯವಾದರೆ ಅಂಕಿಯಲ್ಲಿ. 2015ರ ‘ಪ್ಲಾಸ್ಟಿಕ್ ಮೆಮೊರೀಸ್’ನಲ್ಲಿ ಗಿಫ್ಟಿಯಾ ಎಂಬ ಮನುಷ್ಯರೂಪದ ಯಂತ್ರಗಳ ಆಯಸ್ಸು 81,920 ಗಂಟೆ. ಲೆಕ್ಕ ಹಾಕಿದರೆ ಒಂಬತ್ತು ವರ್ಷ, ನಾಲ್ಕು ತಿಂಗಳು. ಅದು ದಾಟಿದರೆ ನೆನಪೂ ಸ್ವಭಾವವೂ ಕೆಡುತ್ತವೆ, ಅಷ್ಟರೊಳಗೆ ಕಂಪನಿಯವರು ಮನೆಮನೆಗೆ ಹೋಗಿ ವಾಪಸು ತರಬೇಕು. ಬರೆದವರು ವರ್ಷದಲ್ಲಿ ಹೇಳದೆ ಗಂಟೆಯಲ್ಲಿ ಹೇಳಿದ್ದನ್ನು ಗಮನಿಸು. ವರ್ಷ ಮನುಷ್ಯರ ಲೆಕ್ಕ. ಗಂಟೆ ಅಂದಕೂಡಲೇ ಗೋಡೆಯ ಮೇಲಿನ ಕರೆಂಟು ಮೀಟರಿನಂತೆ ಸದಾ ಓಡುತ್ತಿರುತ್ತದೆ. ನಿನ್ನ ಮೂರು ನಿಮಿಷಕ್ಕೆ ಅಷ್ಟು ದೊಡ್ಡ ಸಂಖ್ಯೆ ಬೇಡ. ಒಮ್ಮೆ ಚಾರ್ಜ್ ಮಾಡಿದರೆ 40 ನಿಮಿಷ ಅಂತ ಇಟ್ಟುಕೋ. ಹುಡುಗಿ ಎಲ್ಲಿಗೆ ಕರೆದರೂ ವೈರಿನ ಉದ್ದ ನೋಡಬೇಕಾಗುತ್ತದೆ. ಮನೆಯ ಗೇಟಿನ ತನಕ ಬಂದು ನಿಂತ ಯಂತ್ರ, ರಸ್ತೆಯಲ್ಲಿ ಹೋಗುತ್ತಿರುವ ಹುಡುಗಿ, ಈ ಒಂದು ಚಿತ್ರ ಸಾಕು.

ಕಣ್ಣೀರಿನ ವಿಷಯಕ್ಕೆ ಬರುತ್ತೇನೆ. ‘ಪ್ಲಾನೆಟೇರಿಯನ್’ ನೋಡು. 2016ರಲ್ಲಿ ಐದು ಕಂತಾಗಿ ಬಂತು. ಯುದ್ಧದಲ್ಲಿ ಹಾಳಾಗಿ, ಮಳೆ ನಿಲ್ಲದೆ ಸುರಿಯುವ ಊರು. ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ತಾರಸಿಯ ತಾರಾಲಯದಲ್ಲಿ ಯುಮೆಮಿ ಎಂಬ ರೋಬೋಟ್ ಸುಮಾರು 30 ವರ್ಷದಿಂದ ಗಿರಾಕಿಗಳಿಗಾಗಿ ಕಾಯುತ್ತಿದೆ. ಪಾಳುಬಿದ್ದ ಊರಲ್ಲಿ ಪದಾರ್ಥ ಹುಡುಕುವವನೊಬ್ಬ ಒಳಗೆ ನುಗ್ಗಿದಾಗ, ನೀವು ನಮ್ಮ 25 ಲಕ್ಷನೆಯ ಗಿರಾಕಿ ಅಂತ ಸ್ವಾಗತಿಸುತ್ತದೆ. ನಿಜವಾದ ಲೆಕ್ಕ 25 ಲಕ್ಷ ಮುಟ್ಟಿರುವುದಿಲ್ಲ. ಹಾಳು ಸಾಮಾನಿನಲ್ಲೇ ಕಟ್ಟಿದ ಹೂಗುಚ್ಛ ಕೊಡುತ್ತದೆ. ಹೊರಗೆ ಜನವೇ ಇಲ್ಲ ಅನ್ನುವುದು ಅದಕ್ಕೆ ಅರ್ಥವೇ ಆಗುವುದಿಲ್ಲ. ಇದು ಅದರ ಮಿತಿ. ಅವನು ಮೊದಲು ರೇಗುತ್ತಾನೆ, ಅದರ ಮಾತು ನಿಲ್ಲುವುದಿಲ್ಲ, ಕೊನೆಗೆ ಕೆಟ್ಟುಹೋದ ಪ್ರೊಜೆಕ್ಟರನ್ನು ರಿಪೇರಿ ಮಾಡಲು ಕೂರುತ್ತಾನೆ. ಆ ರಿಪೇರಿಯಲ್ಲೇ ಅವರ ನಂಟು ಬೆಳೆಯುತ್ತದೆ. ಒಬ್ಬರೂ ಪ್ರೀತಿ ಅನ್ನುವ ಪದ ಎತ್ತುವುದಿಲ್ಲ, ಕೈಗೆ ಕೆಲಸ ಸಿಕ್ಕಿದೆ ಅಷ್ಟೇ. ಅಳುವ ಸೌಲಭ್ಯ ಯುಮೆಮಿಗೆ ಇಲ್ಲ, ಆದ್ದರಿಂದ ಅಳುವ ಪಾಲು ನೋಡುವವರಿಗೆ ಬರುತ್ತದೆ. ನೀನು ಪರದೆಯ ಮೇಲೆ ಹನಿ ತೋರಿಸಿದರೆ ಆ ಪಾಲನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗೆ. ಅಲ್ಲದೆ, ಆ ನೀರು ಎಲ್ಲಿಂದ ಬಂತು, ಯಾವ ಕಾರ್ಖಾನೆ ಯಾಕೆ ತುಂಬಿಸಿತು ಅಂತ ಒಬ್ಬ ಕೇಳಿದರೂ ಚಿತ್ರ ಅಲ್ಲೇ ಕುಸಿಯುತ್ತದೆ.

ಗುರುತಿನ ವಸ್ತುವನ್ನೂ ಮರೆಯಬೇಡ. ಯಸುಹಿರೊ ಯೊಶಿಉರಾರ ‘ಈವ್ ನೊ ಜಿಕಾನ್’ 2008ರಲ್ಲಿ ಶುರುವಾಗಿ ಆರು ಕಂತಲ್ಲಿ ಮುಗಿಯಿತು. ಅಲ್ಲಿ ಮನುಷ್ಯರಂತೆಯೇ ಕಾಣುವ ಆಂಡ್ರಾಯ್ಡುಗಳ ತಲೆಯ ಮೇಲೆ ಬೆಳಕಿನ ಬಳೆಯೊಂದು ತೇಲುತ್ತಿರುತ್ತದೆ. ಒಂದು ಕಾಫಿ ಅಂಗಡಿಯಲ್ಲಿ ಮಾತ್ರ ಮನುಷ್ಯ, ಯಂತ್ರ ಎಂಬ ಭೇದ ಮಾಡಬಾರದು ಎಂಬ ನಿಯಮ, ಒಳಗೆ ಬಂದವರು ಬಳೆ ಆರಿಸುತ್ತಾರೆ. ಕಥೆಯ ಹುಡುಗ ಅಲ್ಲಿಗೆ ಬರುವುದು ತನ್ನ ಮನೆಯ ಆಂಡ್ರಾಯ್ಡ್ ಸ್ಯಾಮಿಯ ದಿನಚರಿ ದಾಖಲೆಯಲ್ಲಿ, ಅಂದರೆ ಲಾಗಿನಲ್ಲಿ, ಗುರುತು ಹತ್ತದ ಒಂದು ಸಾಲು ಕಂಡು. ನೋಡು, ಪ್ರೀತಿಯ ಕಥೆ ಶುರುವಾಗಿದ್ದೇ ಒಂದು ಲಾಗಿನ ಸಾಲಿನಿಂದ. ಆಂಡ್ರಾಯ್ಡುಗಳನ್ನು ವಿಪರೀತ ಹಚ್ಚಿಕೊಂಡವರಿಗೆ ಆ ಸಮಾಜ ‘ದೊರಿ-ಕೇ’ ಅಂತ ಹೆಸರಿಟ್ಟು ಆಡಿಕೊಳ್ಳುತ್ತದೆ. ನಿನ್ನ ಕಥೆಯ ಅಕ್ಕಪಕ್ಕದವರಿಗೂ ಅಂಥದೊಂದು ಚುಚ್ಚುಮಾತು ಕೊಡು, ‘ಗೊಂಬೆಹುಚ್ಚು’ ಅಂತಲೋ ಏನೋ. ಇಡೀ ಸಂಭಾಷಣೆಯಲ್ಲಿ ಸಮಾಜ ಅನ್ನುವುದು ಆ ಒಂದು ಪದದಲ್ಲೇ ಬಂದುಬಿಡುತ್ತದೆ.

ಈಗ ಚಲನೆ. ಆರನೇ ಶಾಟಿನಲ್ಲಿ ರೋಬೋಟ್ ನಗಲು 30 ಫ್ರೇಮು ಕೊಟ್ಟಿದ್ದೀ, ಅಂದರೆ ಒಂದೂಕಾಲು ಸೆಕೆಂಡು. 1970ರಲ್ಲಿ ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೊರಿ ‘ಬುಕಿಮಿ ನೊ ತಾನಿ’ ಎಂಬ ಲೇಖನ ಬರೆದರು, ದಿಗಿಲಿನ ಕಣಿವೆ ಅನ್ನಬಹುದು. ಯಂತ್ರ ಮನುಷ್ಯನಿಗೆ ತೀರಾ ಹತ್ತಿರ ಬಂದು, ಪೂರ್ತಿ ಹಾಗಾಗದಿದ್ದರೆ ದಿಗಿಲು ಹುಟ್ಟುತ್ತದೆ ಅನ್ನುವುದು ಅದರ ಸಾರ. ಅದೇ ವರ್ಷ ಒಸಾಕಾದ ವಿಶ್ವಮೇಳದಲ್ಲಿದ್ದ, ಮುಖದಲ್ಲಿ 29 ಜೊತೆ ಕೃತಕ ಸ್ನಾಯು ಇದ್ದ ರೋಬೋಟಿನ ಉದಾಹರಣೆ ಅದರಲ್ಲಿದೆ. ನಗುವಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ನಗು ಹೋಗಿ ಭಯ ಬರುತ್ತದೆ ಅನ್ನುತ್ತಾರೆ. ನೀನೇ ಪರೀಕ್ಷೆ ಮಾಡು. ಅದೇ ನಗುವನ್ನು 12 ಫ್ರೇಮಿನಲ್ಲೂ 24ರಲ್ಲೂ ಮಾಡಿ ಅಕ್ಕಪಕ್ಕ ಓಡಿಸು. ನಿಧಾನದ್ದನ್ನು ಮೊದಲ ದೃಶ್ಯಕ್ಕೆ ಬೇಕೆಂದೇ ಇಟ್ಟುಕೋ, ಹುಡುಗಿ ಹಿಂದೆ ಸರಿಯಲು ಕಾರಣ ಬೇಕಲ್ಲ. ಆರನೇ ಶಾಟಿಗೆ 12 ಸಾಕು.

ಕಣ್ಣಿಗೆ ಮೂರು ಚಿತ್ರ ಸಾಕು: ತೆರೆದದ್ದು, ಅರೆಮುಚ್ಚಿದ್ದು, ಮುಚ್ಚಿದ್ದು. ಅರೆಗೆ 2 ಫ್ರೇಮು, ಮುಚ್ಚಿದ್ದಕ್ಕೆ 3, ಮತ್ತೆ ಅರೆಗೆ 2. ಹುಡುಗಿ ತಿರುಗುವಾಗ ಮೊದಲು ಕಣ್ಣು ಹೊರಳಲಿ, ಆಮೇಲೆ ತಲೆ. ರೋಬೋಟಿಗೆ ಎರಡೂ ಒಟ್ಟಿಗೇ ತಿರುಗಲಿ. ಅದರ ರೆಪ್ಪೆ ಸರಿಯಾಗಿ 96 ಫ್ರೇಮಿಗೊಮ್ಮೆ ಬಡಿಯಲಿ. ನೋಡುವವರು ಎಣಿಸುವುದಿಲ್ಲ, ಆದರೆ ಆ ಲಯ ಒಳಗೆ ಇಳಿದಿರುತ್ತದೆ. ಕೊನೆಗೆ ಒಂದು ಕಡೆ ಆ ಲಯ ತಪ್ಪಿಸು, ಬಡಿಯಬೇಕಾದ ರೆಪ್ಪೆ ಬಡಿಯದೆ ಎರಡು ಸೆಕೆಂಡು ತಡೆಯಲಿ. ಹನಿ ಮಾಡಬೇಕೆಂದಿದ್ದ ಕೆಲಸವನ್ನು ಅದು ಮಾಡುತ್ತದೆ.

ಸೆಕೆಂಡಿಗೆ 24 ಫ್ರೇಮಿನಂತೆ ಮೂರು ನಿಮಿಷಕ್ಕೆ 4,320 ಆಗುತ್ತದೆ. ಎಲ್ಲವನ್ನೂ ಬಿಡಿಸಲು ಹೋದರೆ ಪರೀಕ್ಷೆ ಮುಗಿದರೂ ಚಿತ್ರ ಮುಗಿಯುವುದಿಲ್ಲ. ಆಟಮ್ ತಂಡ ವಾರಕ್ಕೊಂದು ಕಂತು ಕೊಟ್ಟಿದ್ದು ಒಂದು ಚಿತ್ರವನ್ನು ಮೂರು ಫ್ರೇಮು ಹಿಡಿದು, ಬಾಯಿ ಮಾತ್ರ ಆಡಿಸಿ, ಹಳೆಯ ಚಿತ್ರಗಳನ್ನು ಮತ್ತೆ ಬಳಸಿ. ನೀನೂ ಮೂರರ ಮೇಲೆ ಬಿಡಿಸು, ಸೆಕೆಂಡಿಗೆ 8 ಚಿತ್ರ. ಮೈಯೆಲ್ಲ ಚಲಿಸುವ ಭಾಗ ಒಟ್ಟು ಒಂದು ನಿಮಿಷ ದಾಟದಿರಲಿ, 480 ಚಿತ್ರಕ್ಕೆ ಮುಗಿಯುತ್ತದೆ. ಯಂತ್ರ ಅಲ್ಲಾಡದೆ ನಿಂತರೆ ಸಹಜವಾಗೇ ಕಾಣುತ್ತದೆ, ಅದು ನಿನ್ನ ಅದೃಷ್ಟ. ಹುಡುಗಿ ಹಾಗೆ ನಿಂತರೆ ಮಾತ್ರ ಸತ್ತಂತೆ ಕಾಣುತ್ತಾಳೆ. ಉಳಿಸಿದ ಚಿತ್ರಗಳನ್ನೆಲ್ಲ ಅವಳಿಗೆ ಖರ್ಚು ಮಾಡು.

ಬಾಯಿಗೂ ಮೂರೇ ಆಕಾರ. ಆದರೆ ಜಪಾನಿನವರಂತೆ ಚಿತ್ರ ಮುಗಿಸಿ ಆಮೇಲೆ ಧ್ವನಿ ಕೂರಿಸಬೇಡ, ಮೊದಲೇ ರೆಕಾರ್ಡ್ ಮಾಡು. ಪ, ಫ, ಬ, ಭ, ಮ ಬಂದ ಕಡೆ ತುಟಿ ಸೇರಲೇಬೇಕು, ಕನಿಷ್ಠ 2 ಫ್ರೇಮು. ‘ಅಮ್ಮ ಬಂದರು’ ಅನ್ನುವಾಗ ತುಟಿ ಎರಡು ಕಡೆ ಸೇರದಿದ್ದರೆ ಡಬ್ಬಿಂಗ್ ಚಿತ್ರದಂತೆ ಕಾಣುತ್ತದೆ. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ, ಸಾಲಿನ ಕೊನೆಯಲ್ಲಿ ಬಾಯಿ ಫಟ್ಟನೆ ಮುಚ್ಚಿಸಬೇಡ.

ಕೊನೆಯದು ಸಂಭಾಷಣೆ. ಇಲ್ಲಿ ನಿನ್ನ ಕೈಯಲ್ಲಿ ಕನ್ನಡ ಇದೆ, ನೀನು ಅದನ್ನು ಬಳಸಿಯೇ ಇಲ್ಲ. ಜಪಾನಿಯಲ್ಲಿ ‘ಇದೆ’ ಅನ್ನಲು ಎರಡು ಕ್ರಿಯಾಪದಗಳು. ಮನುಷ್ಯರಿಗೂ ಪ್ರಾಣಿಗಳಿಗೂ ‘ಇರು’, ಜೀವವಿಲ್ಲದ್ದಕ್ಕೆ ‘ಅರು’. ಅವರ ‘ಇರು’ ನಮ್ಮ ‘ಇರು’ವಿನಂತೆಯೇ ಕೇಳಿಸುತ್ತದೆ, ಆಕಸ್ಮಿಕವಾದರೂ ಖುಷಿಯಾಗುತ್ತದೆ. ಅವರಿಗೆ ಭೇದ ಆ ಎರಡು ಪದಗಳಲ್ಲಿ ನಿಂತಿತು, ಬಂದರೂ ಹೋದರೂ ಕ್ರಿಯಾಪದ ಬದಲಾಗುವುದಿಲ್ಲ. ನಮಗೆ ಹಾಗಲ್ಲ, ಬಂತು, ಬಂದಳು, ಬಂದರು ಅಂತ ಪ್ರತಿ ಸಾಲಿನ ಕೊನೆಯಲ್ಲೂ ತೀರ್ಮಾನ ಮಾಡಲೇಬೇಕು. ನೀನು ಮೊದಲ ಪುಟದಿಂದಲೇ ಹುಡುಗಿಯ ಬಾಯಲ್ಲಿ ‘ಅವಳು’ ಅನ್ನಿಸಿ ಆ ಬಂಗಾರವನ್ನು ಚೆಲ್ಲಿಬಿಟ್ಟಿದ್ದೀ. ಕೊನೆಯ ಶಾಟಿನ ತನಕ ಎಲ್ಲ ಕಡೆ ‘ಅದು’ ಮಾಡು. ರೋಬೋಟ್ ಮಾತ್ರ ಕೊನೆಯವರೆಗೂ ಹುಡುಗಿಗೆ ‘ನೀವು’ ಅನ್ನಲಿ. ಅವರ ಕಥೆಗಳಲ್ಲಿ ಮನೆಗೆಲಸದ ಯಂತ್ರಗಳು ಬಹುವಚನಕ್ಕೆ ಸಮನಾದ ಮರ್ಯಾದೆಯ ಭಾಷೆ ಆಡುತ್ತವೆ, ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಅದು ಕಾಣುವುದೇ ಇಲ್ಲ. ಎರಡೂ ಕಡೆ ಬದಲಾಯಿಸಿದರೆ ಯಾವುದೂ ನಾಟುವುದಿಲ್ಲ, ಬದಲಾಗುವುದು ಹುಡುಗಿಯ ಮಾತು ಮಾತ್ರ.

ಕೊನೆಯ ಶಾಟನ್ನು ಹೀಗೆ ಮಾಡಿ ನೋಡು. ಹುಡುಗಿ ಚಾರ್ಜಿಂಗ್ ವೈರಿನ ಸಿಕ್ಕು ಬಿಡಿಸುತ್ತಿದ್ದಾಳೆ, ಕೈಗಳು ಮಾತ್ರ ಕಾಣುತ್ತಿವೆ. ಫೋನಿನಲ್ಲಿ ಅತ್ತೆ ಕೇಳುತ್ತಾಳೆ, ‘ಆ ಮಿಷಿನ್ ಇನ್ನೂ ಅಲ್ಲೇ ಇದೆಯಾ?’ ಹುಡುಗಿ ಪ್ಲಗ್ ಸಿಕ್ಕಿಸಿ, ‘ಹೂಂ, ಇದ್ದಾಳೆ’ ಅನ್ನುತ್ತಾಳೆ. ರೆಪ್ಪೆ ಬಡಿಯುವುದು ತಡವಾಗುವುದು ಆಗಲೇ. ಸಂಗೀತ ಬೇಡ, ಫ್ಯಾನಿನ ಸದ್ದು ಸಾಕು.

ಚಿತ್ರ ಬಿಡಿಸುವ ಮುಂಚೆ ಸ್ಟೋರಿಬೋರ್ಡಿನ ಚಿತ್ರಗಳನ್ನೇ ಧ್ವನಿಗೆ ಜೋಡಿಸಿ ಆನಿಮ್ಯಾಟಿಕ್ ಮಾಡಿ ಕಳಿಸು. ಅತ್ತೆಯ ಧ್ವನಿಗೆ ನಿನ್ನ ಅಮ್ಮನನ್ನು ಕೂರಿಸಿಕೋ, ಒಂದೇ ಟೇಕಿನಲ್ಲಿ ಮುಗಿಸುತ್ತಾಳೆ.

ಇಂತಿ,
ನಿನ್ನ ಮಾವ