ಘಾಟಿ ಮುಚ್ಚಿದಾಗ ಲಾರಿ ಚಾಲಕರ ಪಾಡು

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆದಾಗಲೆಲ್ಲ ಕಾರು, ಬಸ್ಸುಗಳ ಪ್ರಯಾಣಿಕರ ಪರದಾಟ ಸುದ್ದಿಯಾಗುತ್ತದೆ. ಆದರೆ ಮಂಗಳೂರಿನಿಂದ ಅಡುಗೆ ಅನಿಲ ಹೊತ್ತು ಬರುವ, ಹಾಸನದ ಆಲೂಗಡ್ಡೆಯನ್ನೂ ಮಲೆನಾಡಿನ ಕಾಫಿಯನ್ನೂ ಸಾಗಿಸುವ ಲಾರಿ ಚಾಲಕರು ಊಟ, ಶೌಚಾಲಯಗಳಿಲ್ಲದೆ ಹೆದ್ದಾರಿಯ ಬದಿಯಲ್ಲಿ ಕಳೆಯುವ ರಾತ್ರಿಗಳನ್ನು ಯಾರೂ ಕೇಳುವುದಿಲ್ಲ. ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಅವರಿಗೆ ಆ ದಾರಿಯೂ ಇಲ್ಲ. ಸರಕು ತಡವಾದರೆ ಮೊದಲ ಬೈಗುಳ ಮಾತ್ರ ಅವರಿಗೇ.

ಕಳೆದ ವರ್ಷ ನಮ್ಮ ತೋಟದ ಕಾಫಿ ಮೂಟೆಗಳನ್ನು ಒಯ್ಯಲು ಬಂದಿದ್ದ ಚಾಲಕರು, ಎರಡು ರಾತ್ರಿ ಸರಿಯಾಗಿ ಮಲಗಿಲ್ಲವೆಂದು ಹೇಳುತ್ತಲೇ, ಮೂಟೆ ಹೇರಿ ಮುಗಿಯುವಷ್ಟರಲ್ಲಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದರು. ಅವರನ್ನು ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.

ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಸಬಾರದು, 5 ಗಂಟೆ ಕೆಲಸದ ಬಳಿಕ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಹೇಳಿತ್ತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣವನ್ನು ಕೇಂದ್ರ ಸರ್ಕಾರ ಕಡ್ಡಾಯ ಮಾಡಿರುವುದು ಸ್ವಾಗತಾರ್ಹವಾದರೂ, ಹಳೆಯ ಲಾರಿ ಓಡಿಸುವವರಿಗೆ ಅದರಿಂದ ಪ್ರಯೋಜನವಿಲ್ಲ.

ಆದ್ದರಿಂದ ಹಾಸನ ಮತ್ತು ಸಕಲೇಶಪುರದ ನಡುವೆ ಕುಡಿಯುವ ನೀರು, ಸ್ನಾನಗೃಹ, ಮಲಗುವ ವ್ಯವಸ್ಥೆಯುಳ್ಳ ಸುಸಜ್ಜಿತ ಲಾರಿ ನಿಲುಗಡೆ ತಾಣವೊಂದನ್ನು ನಿರ್ಮಿಸಬೇಕು; ಘಾಟಿ ಮುಚ್ಚುವ ಸೂಚನೆಯನ್ನು, ಚಾಲಕರು ಸಕಲೇಶಪುರ ದಾಟಿ ಸಿಕ್ಕಿಕೊಳ್ಳುವ ಮೊದಲೇ, ಹಾಸನದ ಬೈಪಾಸ್‌ನಲ್ಲಿಯೇ ಫಲಕ ಹಾಕಿ ತಿಳಿಸಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ಕಾಫಿ ಬೆಳೆಗಾರ, ಸಕಲೇಶಪುರ