ಸಲಹೆ ಕೇಳಿದರೆ ಸಾಲದು, ಉತ್ತರವನ್ನೂ ಕೊಡಬೇಕು

ಮಾನ್ಯ ಸಂಪಾದಕರೇ,

ಕೆಲಸದ ಜಾಗದಲ್ಲಿ ಹೊಸ ಆಲೋಚನೆಗಳನ್ನು ಬೆಳೆಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ನೌಕರರನ್ನು ಊರಾಚೆಯ ರೆಸಾರ್ಟಿಗೆ ಕರೆದೊಯ್ದು, ಬಣ್ಣಬಣ್ಣದ ಚೀಟಿಗಳ ಮೇಲೆ ಮನಸ್ಸಿಗೆ ತೋಚಿದ್ದನ್ನು ಬರೆಸಿ, ಸಂಜೆ ಫೋಟೊ ತೆಗೆಸಿಕೊಂಡು ಮರಳುವ ಕಾರ್ಯಾಗಾರಗಳೂ ಹೆಚ್ಚಿವೆ. ಮೂವತ್ತಕ್ಕೂ ಹೆಚ್ಚು ವರ್ಷ ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದ ನನಗೆ, ಆ ಚೀಟಿಗಳು ಮರುದಿನ ಎಲ್ಲಿಗೆ ಹೋಗುತ್ತವೆ ಎಂಬುದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ.

ನಮ್ಮಲ್ಲಿಯೂ ಕ್ಯಾಂಟೀನಿನ ಬಾಗಿಲ ಪಕ್ಕ ಒಂದು ಸಲಹಾ ಪೆಟ್ಟಿಗೆ ಇತ್ತು. ಡ್ರಿಲ್ಲಿಂಗ್ ವಿಭಾಗದಲ್ಲಿ ಬಿಡಿಭಾಗವನ್ನು ಹಿಡಿದಿಡುವ ಫಿಕ್ಸ್ಚರಿನ ಮೂಲೆಯಲ್ಲಿ ಲೋಹದ ಚೂರುಗಳು ಸಿಕ್ಕಿಕೊಂಡು, ಮುಂದಿನ ತುಂಡು ಸರಿಯಾಗಿ ಕೂರದೆ, ತೂತು ಓರೆಯಾಗುತ್ತಿತ್ತು. ಪ್ರತಿ ತುಂಡಿಗೂ ಒಮ್ಮೆ ಬ್ರಷ್ ಹಿಡಿದು ಗುಡಿಸಬೇಕು. ಮೂಲೆಯಲ್ಲಿ ಸಣ್ಣದೊಂದು ಇಳಿಜಾರು ಕಾಲುವೆ ಕೊರೆದರೆ ಚೂರು ತಾನಾಗಿಯೇ ಜಾರಿಹೋಗುತ್ತದೆ ಎಂದು ಆ ಯಂತ್ರ ನಡೆಸುತ್ತಿದ್ದ ಹುಡುಗ ಹೇಳಿದ. ನಮೂನೆ ಇಂಗ್ಲಿಷಿನಲ್ಲಿದ್ದುದರಿಂದ ನನ್ನಿಂದಲೇ ಬರೆಸಿ ಪೆಟ್ಟಿಗೆಗೆ ಹಾಕಿದ. ಉತ್ತರ ಬರಲಿಲ್ಲ. ಎರಡು ವರ್ಷದ ಮೇಲೆ ಹೊರಗಿನಿಂದ ಬಂದ ಸಲಹೆಗಾರರೊಬ್ಬರು ಅದನ್ನೇ ಹೇಳಿದಾಗ ಒಂದು ವಾರದಲ್ಲಿ ಕೆಲಸ ಮುಗಿಯಿತು. ಮುಂದೆ ಗೋಡೆಗೆ ಬಣ್ಣ ಬಳಿಯಲೆಂದು ಪೆಟ್ಟಿಗೆಯನ್ನು ಕಳಚಿದರೆ ಬೀಗದ ಕೈ ಯಾರ ಬಳಿಯೂ ಇಲ್ಲ. ಬೀಗ ಒಡೆದು ನೋಡಿದಾಗ ಅವನ ಅರ್ಜಿ ಮಡಿಚಿದ ಹಾಗೆಯೇ ಒಳಗಿತ್ತು. ಆಮೇಲೆ ಏನು ಕೇಳಿದರೂ ಅವನದು ಒಂದೇ ಮಾತು: "ನಮಗ್ಯಾಕೆ ಬಿಡಿ ಸಾರ್."

ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವುದು ಬಿಡದಿಯಲ್ಲಿಯೂ ಕಾರ್ಖಾನೆ ಹೊಂದಿರುವ ಟೊಯೋಟಾ ಕಂಪನಿಯನ್ನು. 1950ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆಗೆ ಭೇಟಿ ಕೊಟ್ಟ, ಟೊಯೋಟಾ ಸ್ಥಾಪಕರ ಮನೆತನದ ಐಜಿ ಟೊಯೋಡಾ ಅಲ್ಲಿನ ಸಲಹಾ ಪದ್ಧತಿಯನ್ನು ನೋಡಿ ಬಂದರು. 1951ರಲ್ಲಿ ಅದು ಜಪಾನಿನ ಟೊಯೋಟಾದಲ್ಲಿ ಜಾರಿಗೆ ಬಂತು. ಜಪಾನಿನದೆಂದು ನಾವು ಕೊಂಡಾಡುವುದೂ ಮೂಲದಲ್ಲಿ ಕಡ ತಂದದ್ದೇ. ಅಲ್ಲಿ ಬಹುಪಾಲು ಸಲಹೆಗಳಿಗೆ ಸಿಗುವ ಬಹುಮಾನ ಚಿಕ್ಕದು. ಆದರೆ ಬರೆದದ್ದನ್ನು ಅದೇ ವಿಭಾಗದ ಮೇಲ್ವಿಚಾರಕರು ಓದುತ್ತಾರೆ, ಬರೆದವರೊಡನೆ ಕೂತು ತಿದ್ದುತ್ತಾರೆ. ನಮ್ಮ ದೇಶದಲ್ಲಿಯೂ 1980ರಲ್ಲಿ ಸರ್ಕಾರಿ ಸ್ವಾಮ್ಯದ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ (ಬಿಎಚ್‌ಇಎಲ್) ಕಂಪನಿಯ ಹೈದರಾಬಾದ್ ಘಟಕದಲ್ಲಿ ಕ್ವಾಲಿಟಿ ಸರ್ಕಲ್‌ಗಳು ಆರಂಭವಾದವು. ತಮ್ಮ ಕೆಲಸದ ತೊಡಕನ್ನು ತಾವೇ ಆರಿಸಿಕೊಂಡು ಪರಿಹಾರ ಹುಡುಕುವ ಈ ಕಾರ್ಮಿಕ ಗುಂಪುಗಳು ಬಳಿಕ ಹಲವು ಕಾರ್ಖಾನೆಗಳಿಗೆ ಹರಡಿದವು. ಆದ್ದರಿಂದ ದಾರಿ ಗೊತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ.

ಕಾರ್ಯಾಗಾರಗಳಲ್ಲಿ ಯಾರೂ ಎತ್ತದ ಇನ್ನೊಂದು ಸಂಗತಿ ಭಯ. ನನ್ನ ಜೊತೆಗಿದ್ದ ಲೇತ್ ಆಪರೇಟರುಗಳಲ್ಲಿ ಹಲವರು ತಮ್ಮದೇ ಪುಟ್ಟ ಸಾಧನಗಳನ್ನು ಮಾಡಿಕೊಂಡು ಲಾಕರಿನಲ್ಲಿ ಬಚ್ಚಿಟ್ಟಿರುತ್ತಿದ್ದರು. ಮೇಲ್ವಿಚಾರಕರು ಆ ಕಡೆ ಹೋದ ಮೇಲೆ ಹೊರತೆಗೆದು ಕೆಲಸ ಬೇಗ ಮುಗಿಸುತ್ತಿದ್ದರು. ಇದನ್ನು ಕಳ್ಳತನವೆಂದು ಕರೆಯಲು ನನಗೆ ಮನಸ್ಸಾಗದು. ಒಂದು ತುಂಡಿಗೆ ಎರಡು ನಿಮಿಷ ಉಳಿಯುತ್ತದೆಂದು ತೋರಿಸಿದ ದಿನವೇ ಪಾಳಿಯ ಟಾರ್ಗೆಟ್ ಏರುತ್ತದೆ, ಮೂವರ ಕೆಲಸಕ್ಕೆ ಇಬ್ಬರು ಸಾಕು ಎನ್ನುತ್ತಾರೆ ಎಂಬುದು ಅವರ ಅನುಭವವಾಗಿತ್ತು. ಸಲಹೆಯಿಂದ ಯಾರ ಕೆಲಸಕ್ಕೂ ಕುತ್ತು ಬಾರದೆಂದು ಆಡಳಿತ ವರ್ಗ ಬರೆದುಕೊಡುವವರೆಗೆ ಆ ಲಾಕರುಗಳು ತೆರೆಯಲಾರವು.

ಗುತ್ತಿಗೆ ಕಾರ್ಮಿಕರ ಸ್ಥಿತಿಯಂತೂ ಇನ್ನೂ ವಿಚಿತ್ರ. ದಿನವಿಡೀ ಯಂತ್ರದ ಮುಂದೆ ನಿಲ್ಲುವವರು ಅವರು. ಸಲಹಾ ಯೋಜನೆ ಮಾತ್ರ ಕಾಯಂ ನೌಕರರಿಗೆ. ನಮ್ಮಲ್ಲಿ ಒಡಿಶಾದಿಂದ ಬಂದ ಹುಡುಗನೊಬ್ಬ ಯಂತ್ರವನ್ನು ತಣಿಸುವ ದ್ರವವಾದ ಕೂಲಂಟ್ ಸೋರುವುದನ್ನು ತಡೆಯುವ ಉಪಾಯ ಕಂಡುಹಿಡಿದಾಗ, ಅವನ ಹೆಸರನ್ನು ದಾಖಲಿಸಲು ರಿಜಿಸ್ಟರಿನಲ್ಲಿ ಜಾಗವೇ ಇರಲಿಲ್ಲ.

ಕಾರ್ಮಿಕರ ಉತ್ತಮ ಸಲಹೆಗಳನ್ನು ಗೌರವಿಸಲೆಂದೇ ಕೇಂದ್ರ ಕಾರ್ಮಿಕ ಸಚಿವಾಲಯ 1965ರಲ್ಲಿ ಶ್ರಮವೀರ ಪ್ರಶಸ್ತಿಯನ್ನು ಸ್ಥಾಪಿಸಿತು. ಮುಂದೆ ಅದೇ ವಿಶ್ವಕರ್ಮ ರಾಷ್ಟ್ರೀಯ ಪುರಸ್ಕಾರವಾಯಿತು. ನನ್ನ ಸೇವಾವಧಿಯಲ್ಲಿ ನಮ್ಮ ನೋಟಿಸ್ ಬೋರ್ಡಿನಲ್ಲಿ ಅದರ ಪ್ರಕಟಣೆಯನ್ನು ಒಮ್ಮೆಯೂ ಕಂಡಿಲ್ಲ. ರಾಜ್ಯದ ಕಾರ್ಮಿಕ ಇಲಾಖೆ ಇಂತಹ ಅವಕಾಶಗಳ ಮಾಹಿತಿಯನ್ನು ಕನ್ನಡದಲ್ಲಿ ಪ್ರತಿ ಕಾರ್ಖಾನೆಗೂ ತಲುಪಿಸಬೇಕೆಂದು ಕೋರುತ್ತೇನೆ. ಕಾರ್ಖಾನೆಗಳೂ ಕಾರ್ಮಿಕ ತನಗೆ ಬರುವ ಭಾಷೆಯಲ್ಲಿ ಬರೆದದ್ದನ್ನು ಸ್ವೀಕರಿಸಿ, ಹದಿನೈದು ದಿನದೊಳಗೆ ಆಗುತ್ತದೆ ಎಂದೋ, ಆಗದಿದ್ದರೆ ಏಕೆ ಆಗದು ಎಂದೋ, ಬರೆದವರ ಹೆಸರಿನೊಂದಿಗೆ ಅದೇ ನೋಟಿಸ್ ಬೋರ್ಡಿನಲ್ಲಿ ಅಂಟಿಸಲಿ.

ಇಂತಿ,
ನಿವೃತ್ತ ಟೂಲ್ ರೂಂ ಕಾರ್ಮಿಕ, ಬೆಂಗಳೂರು