ನಮ್ಮ ರಾಗಿಯಲ್ಲಿ ಆಫ್ರಿಕಾದ ಪಾಲೂ ಇದೆ

ಮಾನ್ಯ ಸಂಪಾದಕರೇ,

ಬಡ ದೇಶಗಳ ಆಹಾರಕ್ಕೆ, ಬೇಸಾಯಕ್ಕೆ ಶ್ರೀಮಂತ ದೇಶಗಳು ಕೊಡುತ್ತಿದ್ದ ನೆರವು ಕಡಿಮೆಯಾಗುತ್ತಿರುವ ಸುದ್ದಿ ಓದಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮೂರ ಹೋಟೆಲಿನಲ್ಲಿ ಈ ವಿಷಯ ಬಂದಾಗ ಒಬ್ಬರು, ‘ಆಫ್ರಿಕಾದವರ ಹಸಿವಿಗೂ ನಮಗೂ ಏನು ಸಂಬಂಧ?’ ಎಂದರು. ರಾಗಿ ಬೆಳೆಯುವ ಊರಿನಲ್ಲಿ ಕೂತು ಆಡುವ ಮಾತಲ್ಲ ಅದು.

ರಾಗಿಯ ತವರು ಇಥಿಯೋಪಿಯಾ, ಉಗಾಂಡದ ಎತ್ತರದ ಸೀಮೆ. ಸಾವಿರಾರು ವರ್ಷದ ಹಿಂದಿನ ಕಥೆ, ಇರಲಿ. ಆದರೆ 1960ರ ದಶಕದಲ್ಲಿ ಆಫ್ರಿಕಾದ ರಾಗಿ ಮತ್ತೊಮ್ಮೆ ನಮ್ಮ ಕೈ ಹಿಡಿಯಿತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನವರು ನಮ್ಮ ತಳಿಗಳನ್ನು ಆಫ್ರಿಕಾದ ತಳಿಗಳ ಜೊತೆ ಕೂಡಿಸಿದರು. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನಷ್ಟಕ್ಕೆ ತಾನೇ ಕಾಳು ಕಟ್ಟಿಕೊಳ್ಳುತ್ತದೆ. ಎರಡು ತಳಿ ಕೂಡಿಸುವುದು ಸುಮ್ನೆ ಮಾತಲ್ಲ. ಹಾಗೆ ಹುಟ್ಟಿದ್ದೇ ಇಂಡಾಫ್. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’.

ನಮ್ಮಪ್ಪ ಮೊದಲ ಸಲ ಇಂಡಾಫ್ ಬಿತ್ತಿದ ವರ್ಷ ನನಗೆ ಚೆನ್ನಾಗಿ ನೆನಪಿದೆ. ತೆನೆಗಳು ಮುಷ್ಟಿ ಬಿಗಿದ ಹಾಗಿದ್ದವು. ರೋಣಗಲ್ಲು ಹೊಡೆದು, ತೂರಿ, ರಾಶಿ ಮಾಡಿದಾಗ ಅವ್ವ ಕಣದಲ್ಲೇ ನಿಂತು, ‘ಈ ಸಲ ವಾಡೆ ಸಾಲಲ್ಲ’ ಎಂದಿದ್ದಳು. ಅದಕ್ಕೂ ಹಿಂದೆ ಸಾಲ ತಂದು ರಾಗಿ ಕೊಂಡ ವರ್ಷಗಳನ್ನು ಅವಳು ಮರೆತಿರಲಿಲ್ಲ. ಈಗ ನಾವು ಬಿತ್ತುವ ಜಿಪಿಯು-28 ಬೆಂಕಿ ರೋಗ ತಡೆಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಬಂದ ಆ ತಳಿಯ ಮೂಲದಲ್ಲೂ ಇಂಡಾಫ್ ಇದೆ. ಇಷ್ಟಕ್ಕೆಲ್ಲ ನಮ್ಮ ರೈತರು ಆಫ್ರಿಕಾಕ್ಕೆ ಒಂದು ಪೈಸೆ ಕೊಟ್ಟಿಲ್ಲ.

ಇವತ್ತಿನ ಸ್ಥಿತಿ ನೋಡಿ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಸುಮಾರು 67 ಕೋಟಿ ಜನ ಹೊಟ್ಟೆ ತುಂಬ ಉಣ್ಣಲಿಲ್ಲ. ಅವರಲ್ಲಿ 30 ಕೋಟಿಗೂ ಜಾಸ್ತಿ ಜನ ಆಫ್ರಿಕಾದವರು. ಇಂಥ ಹೊತ್ತಿನಲ್ಲೇ ಅಮೆರಿಕ ತನ್ನ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನು 2025ರ ಜುಲೈನಲ್ಲಿ ಮುಚ್ಚಿತು. ಹಸಿದವರಿಗೆ ಕಾಳು ಹಂಚುವ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಬರುವ ಹಣವೂ ಆ ವರ್ಷ ತೀರಾ ಇಳಿಯಿತು.

ಕಾಳಿನ ಮೂಟೆ ನಿಂತರೆ ಹಸಿವು ಅದೇ ವಾರ ಕಾಣುತ್ತದೆ. ತಳಿ ಸಂಶೋಧನೆ ನಿಂತರೆ ಹಾಗಲ್ಲ. ಒಂದು ತಳಿ ರೈತನ ಕೈಗೆ ಬರಲು ಹತ್ತು ವರ್ಷವೇ ಬೇಕು. ಇವತ್ತು ಹಣ ನಿಂತ ಪೆಟ್ಟು ಬೀಳುವುದು ಮುಂದೆ, ರೋಗ ಬಂದ ವರ್ಷ ಕೈಯಲ್ಲಿ ಬೇರೆ ಬೀಜ ಇಲ್ಲದಾಗ. ಇದೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ಹೈದರಾಬಾದ್ ಹತ್ತಿರದ ಪಟಾಣ್‌ಚೆರುವಿನಲ್ಲಿ 1972ರಿಂದ ಒಣ ಸೀಮೆಯ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇದೆ. ಅದರ ತಣ್ಣನೆಯ ಕೋಣೆಗಳಲ್ಲಿ ಆಫ್ರಿಕಾ, ಏಷ್ಯಾದ ಸಾವಿರಾರು ರಾಗಿ ಮಾದರಿಗಳಿವೆ. ಅಂಥ ಸಂಸ್ಥೆಗಳು ನಡೆಯುವುದೇ ಹಲವು ದೇಶಗಳ ನೆರವಿನಿಂದ.

ಭಾರತ ಕೈ ಕಟ್ಟಿ ಕೂತಿಲ್ಲ. 2021ರಲ್ಲಿ ಅಫ್ಗಾನಿಸ್ತಾನಕ್ಕೆ 50 ಸಾವಿರ ಟನ್ ಗೋಧಿ ಕೊಡಲು ಮುಂದೆ ಬಂದದ್ದು ದೊಡ್ಡ ಮಾತು. 2023 ಸಿರಿಧಾನ್ಯ ವರ್ಷವಾದದ್ದೂ ನಾವು ಕೇಳಿದ್ದಕ್ಕೇ ಅಲ್ವಾ? ವರ್ಷ ಮುಗಿದ ಮೇಲೂ ಸಿರಿಧಾನ್ಯದ ಕೆಲಸಕ್ಕೆ ಹಣ ಬೇಕು. ಇಕ್ರಿಸ್ಯಾಟ್‌ನಂಥ ಕಡೆ ಬೇರೆಯವರ ಪಾಲು ಇಳಿದಷ್ಟೂ ನಮ್ಮ ಪಾಲು ಏರಬೇಕು. ಉಗಾಂಡ, ಇಥಿಯೋಪಿಯಾದಿಂದ ಇನ್ನಷ್ಟು ಹುಡುಗ ಹುಡುಗಿಯರು ಜಿಕೆವಿಕೆಗೆ ಬಂದು ರಾಗಿ ತಳಿ ಕೆಲಸ ಕಲಿಯಲಿ, ಖರ್ಚು ನಮ್ಮದಿರಲಿ.

ಇನ್ನೊಂದು, ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಅಲ್ಲಿ ಎಷ್ಟೋ ಕಡೆ ಇನ್ನೂ ರಾಗಿಯನ್ನು ಎರಚಿ ಬಿತ್ತುತ್ತಾರೆ. ಎಳೆಯ ರಾಗಿ ಪೈರಿನ ಹಾಗೇ ಕಾಣುವ ಕಳೆಯನ್ನು ಹೆಂಗಸರು ಬಗ್ಗಿ ಬಗ್ಗಿ ಕೈಯಲ್ಲಿ ಕೀಳುತ್ತಾರೆ. ನಮ್ಮ ಕೂರಿಗೆ ಸಾಲು ಹಿಡಿದು ಬಿತ್ತುತ್ತದೆ, ಸಾಲಿನ ನಡುವೆ ಕುಂಟೆ ಹೊಡೆದರೆ ಅರ್ಧ ಕಳೆ ಹೋಯಿತು. ಆ ದೇಶಗಳ ರೈತರನ್ನು, ಅದರಲ್ಲೂ ಹೆಂಗಸರನ್ನು, ಮುಂಗಾರು ಬಿತ್ತನೆ ಹೊತ್ತಿಗೆ ಇಲ್ಲಿಗೆ ಕರೆಸಲು ಸರ್ಕಾರ ಮನಸ್ಸು ಮಾಡಲಿ. ನಮ್ಮೂರಿಗೆ ಬಂದರೆ ಕೂರಿಗೆ ಹೂಡಿ ತೋರಿಸಲು ನಾನಿದ್ದೇನೆ. ಊಟ ನಮ್ಮ ಮನೆಯಲ್ಲೇ.

ಇತಿ,
ಒಬ್ಬ ರಾಗಿ ಬೆಳೆಗಾರ
ಮಾಗಡಿ ತಾಲ್ಲೂಕು